‘ಪಂಪ್ ಮಾಡಿದ್ರೆ ಹಿಡೀತದೆ’



ಕೊಯ್ಲಿನ ದಿನಗಳಲ್ಲಿ ಸಂಘದ ಗೋದಾಮಿನ ಅಂಗಳಕ್ಕೆ ಇಳಿದು ಬರುವ ಹಳೆಯ ಜೀಪುಗಳನ್ನು ನಾನು ಕಿಟಕಿಯಿಂದ ನೋಡುತ್ತಿರುತ್ತೇನೆ. ಗೇಟಿನ ಬಳಿ ಬರುವಷ್ಟರಲ್ಲಿ ಚಾಲಕರ ಮೊಣಕಾಲು ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತದೆ. ವಿಚಾರಿಸಿದರೆ ಒಂದೇ ಉತ್ತರ: “ಎಂತ ಇಲ್ಲ ಮಾರಾಯ್ರೇ, ಪಂಪ್ ಮಾಡಿದ್ರೆ ಹಿಡೀತದೆ.”

ನಾನೂ ಹಾಗೆ ಹೇಳಿಕೊಂಡು ಎರಡು ವರ್ಷ ಜೀಪು ಓಡಿಸಿದವನೇ. ಒಂದು ಡಿಸೆಂಬರ್ ಸಂಜೆ ಆರು ಚೀಲ ಕಾಫಿ ಹಣ್ಣು, ಅದರ ಮೇಲೆ ಕೊಯ್ಲಿನ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ತೋಟದ ದಾರಿ ಇಳಿಯುತ್ತಿದ್ದೆ. ಪೆಡಲ್ ನೆಲ ಮುಟ್ಟಿತು. ಮತ್ತೆ ತುಳಿದೆ, ಮತ್ತೂ ನೆಲವೇ. ಕೈಬ್ರೇಕಿನ ಕೇಬಲ್ ತುಕ್ಕು ಹಿಡಿದು ಎಂದೋ ಸತ್ತಿತ್ತು. ಪುಣ್ಯಕ್ಕೆ ಎರಡನೇ ಗೇರಿನಲ್ಲಿದ್ದೆ, ಎಡಗಡೆಯ ದರೆಗೆ ಉಜ್ಜಿ ನಿಲ್ಲಿಸಿದೆ. ಒಬ್ಬಾಕೆಯ ಮುಂಗೈ ಮುರಿಯಿತು. ಆ ವರ್ಷ ಅವಳಿಗೆ ಕೊಯ್ಲಿನ ಕೂಲಿ ಇಲ್ಲ. ನಾನು ಕೊಟ್ಟ ಹಣ ಮುಂಗೈಯನ್ನು ಮೊದಲಿನಂತೆ ಮಾಡಲಿಲ್ಲ.

ಡ್ರಮ್ ಬಿಚ್ಚಿದಾಗ ಹಿಂದಿನ ಎಡಗಾಲಿಯ ಸಿಲಿಂಡರಿನ ರಬ್ಬರ್ ಕಪ್ ಹರಿದು, ಲೈನರೆಲ್ಲ ಎಣ್ಣೆಯಲ್ಲಿ ತೊಯ್ದಿತ್ತು. ಹಳೆಯ ಜೀಪಿನಲ್ಲಿ ನಾಲ್ಕು ಗಾಲಿಗೂ ಸೇರಿ ಎಣ್ಣೆಯ ಹಾದಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ವಾರಗಟ್ಟಲೆ ಎಣ್ಣೆ ಇಳಿಯುತ್ತಿದ್ದುದು ನನಗೆ ಗೊತ್ತಿತ್ತು. ನಾನು ಮೇಲಿಂದ ಸುರಿಯುತ್ತಿದ್ದೆ, ಅಷ್ಟೆ.

ಪಂಪ್ ಮಾಡಿದರೆ ಹಿಡಿಯುತ್ತದೆ ಎಂಬುದು ಸಮಾಧಾನದ ಮಾತಲ್ಲ, ರೋಗದ ಲಕ್ಷಣ. ಯಾವ ರೋಗ ಎಂಬುದನ್ನು ಪೆಡಲ್ಲೇ ಹೇಳುತ್ತದೆ. ಮೊದಲ ತುಳಿತಕ್ಕೆ ತಳಕ್ಕೆ ಹೋಗಿ, ಎರಡನೆಯದಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಸಾಮಾನ್ಯವಾಗಿ ಲೈನರ್ ಸವೆದು ಡ್ರಮ್ಮಿನಿಂದ ದೂರವಾಗಿದೆ ಎಂದರ್ಥ. ಇದಕ್ಕೆ ಏರ್ ತೆಗೆದು ಪ್ರಯೋಜನವಿಲ್ಲ. ಗಾಲಿಯನ್ನು ಜ್ಯಾಕಿನಲ್ಲಿ ಎತ್ತಿ, ಬ್ಯಾಕ್ ಪ್ಲೇಟಿನ ಹಿಂದಿರುವ ಹೊಂದಾಣಿಕೆಯ ಬೋಲ್ಟುಗಳನ್ನು ಒಂದೊಂದಾಗಿ ಗಾಲಿ ಬಿಗಿಯುವವರೆಗೆ ತಿರುಗಿಸಿ, ಮತ್ತೆ ಗಾಲಿ ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಬೇಕು. ಅಷ್ಟಾದ ಮೇಲೂ ಪೆಡಲ್ ಗಾಳಿ ಕಡಿಮೆಯಾದ ಟ್ಯೂಬಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಮುಗಿಯುತ್ತದೆ. ಇನ್ನು ಕಾಲು ಒತ್ತಿ ಹಿಡಿದಾಗ ಪೆಡಲ್ ಮೆಲ್ಲನೆ ಕುಸಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ ಸವೆದಿರಬೇಕು. ಆಗ ಮನೆಮದ್ದು ಬೇಡ, ಜೀಪನ್ನು ಕದಲಿಸಲೂ ಬೇಡ.

ಏರ್ ತೆಗೆಯಲು ಎರಡು ಜನ ಬೇಕು. ಮಾಸ್ಟರಿಗೆ ಅತಿ ದೂರದ ಗಾಲಿಯಿಂದ ಆರಂಭ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ಲಿಗೆ ರಬ್ಬರ್ ನಳಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ಎಣ್ಣೆಯೊಳಗೆ ಮುಳುಗಿಸಿಡಿ. ಮೇಲಿನವರು ತುಳಿದು ಹಿಡಿಯಬೇಕು, ಕೆಳಗಿನವರು ನಿಪ್ಪಲ್ ಸಡಿಲಿಸಬೇಕು. ಗುಳ್ಳೆ ಬಂದ ಕೂಡಲೇ, ಕಾಲು ಇನ್ನೂ ಕೆಳಗಿರುವಾಗಲೇ, ಬಿಗಿದು “ಬಿಡು” ಎನ್ನಬೇಕು. ಅದಕ್ಕೆ ಮೊದಲೇ ಕಾಲೆತ್ತಿದರೆ ಹೊರಟ ಗಾಳಿ ಹಿಂದಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಪ್ರತಿ ಸಲ ಜಗಳವಾಗುವುದು ಇಲ್ಲೇ. ತಪ್ಪು ಹೆಚ್ಚಾಗಿ ನನ್ನದು. ನಾಲ್ಕೈದು ತುಳಿತಕ್ಕೊಮ್ಮೆ ಮಾಸ್ಟರಿನಲ್ಲಿ ಎಣ್ಣೆ ನೋಡಿ. ಅದು ಬರಿದಾದರೆ ಮೊದಲಿನಿಂದ ಆರಂಭಿಸಬೇಕು.

ಎಣ್ಣೆಯ ವಿಷಯದಲ್ಲಿ ನಾವು ತೋರುವ ಉದಾಸೀನ ನನಗೆ ಅರ್ಥವಾಗುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಸುಮಾರು ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಬ್ರೇಕಿನ ಮೇಲೇ ಇಳಿದರೆ ಕಾದ ಡ್ರಮ್ಮಿನ ಪಕ್ಕದಲ್ಲಿ ಆ ಎಣ್ಣೆ ಆವಿಯಾಗಬಹುದು. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಆದ್ದರಿಂದ ಘಾಟಿ ಏರಿದ ಗೇರಿನಲ್ಲೇ ಇಳಿಯಿರಿ. ಅಟ್ಟದ ಮೇಲೆ ಮಳೆಗಾಲ ಕಳೆದ, ಮುಚ್ಚಳ ತೆರೆದ ಡಬ್ಬಿಯನ್ನು ಎಸೆಯಿರಿ. ಎಂಜಿನ್ ಆಯಿಲ್ ಸುರಿಯುವುದು, ಕಪ್ಪುಗಳನ್ನು ಡೀಸೆಲಿನಲ್ಲಿ ತೊಳೆಯುವುದು ಕೂಡದು. ರಬ್ಬರ್ ಉಬ್ಬಿ ಕೆಡುತ್ತದೆ.

ಕೊಳೆರೋಗ ಬರಲೆಂದು ಕಾದು ಕುಳಿತು ಬೋರ್ಡೋ ಹೊಡೆಯುವವರು ನಮ್ಮಲ್ಲಿ ಯಾರಿದ್ದಾರೆ? ಮಳೆಗೆ ಮುಂಚೆಯೇ ಮೈಲುತುತ್ತ, ಸುಣ್ಣ ತಂದಿಡುತ್ತೇವೆ. ಬ್ರೇಕಿಗೂ ಹಾಗೆಯೇ ದಿನ ಗೊತ್ತುಮಾಡಿ: ಕೊಯ್ಲಿಗೆ ಮೊದಲು ಲೈನರಿನ ಹೊಂದಾಣಿಕೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸ ಎಣ್ಣೆ. ಅದಾಗದ ಜೀಪಿನಲ್ಲಿ ಕೊಯ್ಲಿನವರನ್ನು ಕೂರಿಸಬಾರದೆಂದು ಮುಂದಿನ ಸಭೆಯಲ್ಲಿ ನಾನೇ ನಿರ್ಣಯ ಮಂಡಿಸಲಿದ್ದೇನೆ. ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಗೋದಾಮಿನ ಹಿಂದೆ ಸಮತಟ್ಟಾದ ಜಾಗವಿದೆ, ಜ್ಯಾಕೂ ಸ್ಟ್ಯಾಂಡೂ ಇವೆ. ಭಾನುವಾರ ಬೆಳಿಗ್ಗೆ ನಾನಿರುತ್ತೇನೆ. ಮುಚ್ಚಳ ತೆರೆಯದ ಎಣ್ಣೆ ಡಬ್ಬಿ ತನ್ನಿ, ಪೆಡಲ್ ತುಳಿಯಲು ಮನೆಯಿಂದ ಒಬ್ಬರನ್ನು ಕರೆತನ್ನಿ.