ಹೊರೆ ಪೂರ್ಣ, ಹಕ್ಕು ಅರ್ಧ: ಟೈಮ್‌ಶೇರ್ ಒಡೆತನದ ನೀತಿವಿಚಾರ

‘ಕ್ರಯ’ವೆಂಬ ಶಬ್ದಕ್ಕೆ ನಮ್ಮ ಲೋಕವ್ಯವಹಾರದಲ್ಲಿ ಖಚಿತವಾದ ಅರ್ಥವುಂಟು. ಭೋಗ್ಯಕ್ಕೆ ಕೊಟ್ಟ ಹೊಲವು ಸಾಲ ತೀರಿದಂದು ಹಿಂದಿರುಗುತ್ತದೆ. ಗುತ್ತಿಗೆಗೆ ಕೊಟ್ಟ ತೋಟವು ಅವಧಿ ಮುಗಿದಂದು ಹಿಂದಿರುಗುತ್ತದೆ. ಕ್ರಯಕ್ಕೆ ಕೊಟ್ಟದ್ದು ಮಾತ್ರ ಕೊಂಡವನದೇ ಆಗಿ ಉಳಿಯುತ್ತದೆ. ಹೊಲವನ್ನು ಮಾರಿದವನು ಅದರೊಡನೆ ಬಾವಿಗೆ ಹೋಗುವ ದಾರಿಯನ್ನೂ ಕಾಲುವೆಯ ನೀರಿನ ಪಾಲನ್ನೂ ಬಿಟ್ಟುಕೊಟ್ಟಿರುತ್ತಾನೆ. ‘ಹೊಲ ನಿನ್ನದು, ಆದರೆ ನೀನು ಇದನ್ನು ಇನ್ನೊಬ್ಬನಿಗೆ ಮಾರಿದ ದಿನ ನೀರಿನ ಪಾಲು ನಿಂತುಹೋಗುತ್ತದೆ, ಕಂದಾಯವನ್ನು ಮಾತ್ರ ಅವನು ಪೂರ್ತಿಯಾಗಿ ಕಟ್ಟತಕ್ಕದ್ದು’ ಎಂದು ಯಾವನಾದರೂ ಕರಾರು ಹಾಕಿದರೆ ಊರ ಹಿರಿಯರು ಅದನ್ನು ಕ್ರಯವೆಂದು ಒಪ್ಪಲಾರರು. ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 8ನೆಯ ಪ್ರಕರಣವೂ, ಬೇರೆ ಉದ್ದೇಶವು ವ್ಯಕ್ತವಾಗದಿದ್ದಲ್ಲಿ, ಸ್ವತ್ತಿನಲ್ಲಿ ಮಾರುವವನಿಗಿರುವ ಸಮಸ್ತ ಹಿತಾಸಕ್ತಿಯೂ ಅದಕ್ಕೆ ಅಂಟಿಕೊಂಡ ಹಕ್ಕುಗಳೂ ಕೊಳ್ಳುವವನಿಗೆ ಸೇರುವುವೆಂದು ವಿಧಿಸುತ್ತದೆ.

ಈ ಸರಳ ನ್ಯಾಯವನ್ನು ತಲೆಕೆಳಗು ಮಾಡಿದ ವ್ಯಾಪಾರವೊಂದು ನಮ್ಮ ಕಾಲದಲ್ಲಿ ಬೆಳೆದು ನಿಂತಿದೆ. ಅದರ ಹೆಸರು ‘ಟೈಮ್‌ಶೇರ್’. ವಿಹಾರಸ್ಥಳದಲ್ಲಿರುವ ಒಂದು ವಸತಿಯನ್ನು ವರ್ಷದ ವಾರಗಳಾಗಿ ಇಲ್ಲವೇ ‘ಪಾಯಿಂಟು’ಗಳಾಗಿ ವಿಭಾಗಿಸಿ, ಒಂದೊಂದು ಪಾಲನ್ನು ಒಬ್ಬೊಬ್ಬ ಸದಸ್ಯನಿಗೆ ಮಾರುವ ಪದ್ಧತಿಯಿದು. 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿ, ಮುಂದಿನ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬೇರುಬಿಟ್ಟು, 1980ರ ದಶಕದಲ್ಲಿ ಭಾರತಕ್ಕೂ ಬಂದಿತು. ಒಮ್ಮೆ ದೊಡ್ಡ ಮೊತ್ತವನ್ನು ತೆತ್ತು, ಅನಂತರ ಪ್ರತಿವರ್ಷವೂ ನಿರ್ವಹಣಾ ಶುಲ್ಕವನ್ನು ಕಟ್ಟುತ್ತ ಬಂದರೆ, ಸದಸ್ಯನಿಗೆ ವರ್ಷಕ್ಕೆ ಇಷ್ಟು ದಿನ ತಂಗುವ ಹಕ್ಕು ದೊರೆಯುತ್ತದೆ. ವ್ಯವಸ್ಥೆಯಲ್ಲಿ ತಾನಾಗಿ ದೋಷವಿಲ್ಲ. ವರ್ಷವಿಡೀ ಬೀಗ ಹಾಕಿಡಬೇಕಾದ ಮನೆಯನ್ನು ಹತ್ತು ಕುಟುಂಬಗಳು ಹಂಚಿಕೊಂಡು ಬಳಸುವುದು ಮಿತವ್ಯಯದ ಮಾರ್ಗವೇ ಸರಿ. ದೋಷವಿರುವುದು ಮಾರುವಾಗ ‘ಒಡೆತನ’ವೆಂದು ಹೇಳಿ, ಸದಸ್ಯನು ಅದನ್ನು ಬಿಟ್ಟುಕೊಡಲು ಹೊರಟಾಗ ‘ಅದು ನಮ್ಮ ಅನುಗ್ರಹವಾಗಿತ್ತು’ ಎನ್ನುವುದರಲ್ಲಿ.

ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಡಿಸ್ನಿ ವೆಕೇಷನ್ ಕ್ಲಬ್ 1991ರಲ್ಲಿ ಫ್ಲಾರಿಡಾದಲ್ಲಿ ಆರಂಭವಾಯಿತು. ಈ ವ್ಯಾಪಾರದಲ್ಲಿ ತೊಡಗಿರುವವರ ಪೈಕಿ ಅದು ಉತ್ತಮ ಹೆಸರುಳ್ಳದ್ದು. ಬೇರೆ ಎಷ್ಟೋ ಕಂಪನಿಗಳ ವಾರಗಳು ಎರಡನೆಯ ಕೈಗೆ ಒಂದು ಡಾಲರಿಗೂ ಹೋಗದಿರುವಾಗ ಇದರ ಪತ್ರಗಳು ಸಾಕಷ್ಟು ಬೆಲೆಯನ್ನು ಉಳಿಸಿಕೊಂಡಿವೆ. ಆದುದರಿಂದಲೇ ಇದನ್ನು ಪರೀಕ್ಷಿಸುವುದು ಯೋಗ್ಯ. ಉತ್ತಮನೆನಿಸಿಕೊಂಡವನ ನಡತೆಯೇ ಹೀಗಿದ್ದರೆ ಉಳಿದವರ ಮಾತನ್ನು ಹೇಳಬೇಕಾದುದಿಲ್ಲ.

ಇಲ್ಲಿ ಸದಸ್ಯನು ಒಂದು ವಸತಿಯನ್ನು ತನ್ನ ‘ತವರು ವಸತಿ’ಯಾಗಿ ಕೊಳ್ಳುತ್ತಾನೆ. ಅಲ್ಲಿ 11 ತಿಂಗಳು ಮುಂಚಿತವಾಗಿಯೂ, ಕ್ಲಬ್ಬಿನ ಉಳಿದ ವಸತಿಗಳಲ್ಲಿ 7 ತಿಂಗಳು ಮುಂಚಿತವಾಗಿಯೂ ಕೋಣೆಯನ್ನು ಕಾದಿರಿಸಬಹುದು. ಇದಲ್ಲದೆ ಹಡಗಿನ ಪ್ರವಾಸ, ಊಟ-ಖರೀದಿಗಳಲ್ಲಿ ರಿಯಾಯಿತಿ ಮೊದಲಾದ ಸವಲತ್ತುಗಳಿದ್ದವು. ಸದಸ್ಯನೊಬ್ಬನು ತನ್ನ ಪಾಲನ್ನು ಮಾರಿದರೆ ಕೊಂಡವನಿಗೂ ಇವೆಲ್ಲ ಲಭಿಸುತ್ತಿದ್ದ ಕಾಲವೊಂದಿತ್ತು. 2011ರ ಮಾರ್ಚ್ 21ರಿಂದ, ಸದಸ್ಯನಿಂದ ಕೊಂಡ ಪಾಯಿಂಟುಗಳು ಹಡಗಿನ ಪ್ರವಾಸ ಮೊದಲಾದವುಗಳಿಗೆ ಸಲ್ಲವೆಂದು ಕಂಪನಿಯು ಸಾರಿತು. 2016ರ ಏಪ್ರಿಲ್ 4ರಿಂದ ರಿಯಾಯಿತಿಗಳೂ ನಿಂತವು. ಅವು ಬೇಕಾದರೆ ಕಂಪನಿಯಿಂದಲೇ ನೇರವಾಗಿ ಕನಿಷ್ಠ 25 ಪಾಯಿಂಟುಗಳನ್ನು ಕೊಳ್ಳಬೇಕೆಂದಾಯಿತು, ಆ ಕನಿಷ್ಠ ಮಿತಿಯು ಮೆಟ್ಟಿಲು ಮೆಟ್ಟಿಲಾಗಿ 150ಕ್ಕೆ ಏರಿತು. 2019ರ ಜನವರಿ 19ರಿಂದ ಬಂದ ನಿಯಮವು ಇವೆಲ್ಲವನ್ನೂ ಮೀರಿಸಿತು. ಮೊದಲಿನ 14 ವಸತಿಗಳ ಪಾಲನ್ನು ಎರಡನೆಯ ಕೈಯಿಂದ ಕೊಂಡವನು ಹೊಸದಾದ ‘ರಿವಿಯೆರಾ’ದಲ್ಲಾಗಲಿ ಮುಂದೆ ಕಟ್ಟಲಿರುವ ಹೊಸ ವಸತಿಗಳಲ್ಲಾಗಲಿ ತಂಗುವಂತಿಲ್ಲ; ರಿವಿಯೆರಾದ ಪಾಲನ್ನು ಹಾಗೆ ಕೊಂಡವನಿಗೆ ರಿವಿಯೆರಾ ಒಂದೇ ಗತಿ. 2023ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆರೆದ ಡಿಸ್ನಿಲ್ಯಾಂಡ್ ಹೋಟೆಲಿನ ವಸತಿಗಳಿಗೂ ಇದೇ ಬೇಲಿ ಹಾಕಲಾಯಿತು.

ಇನ್ನು ಹೊರೆಯ ಕಡೆಗೆ ನೋಡೋಣ. ಎರಡನೆಯ ಕೈಯಿಂದ ಕೊಂಡವನು ಕಟ್ಟುವ ವಾರ್ಷಿಕ ಶುಲ್ಕದಲ್ಲಿ ಒಂದು ಕಾಸಿನ ರಿಯಾಯಿತಿಯೂ ಇಲ್ಲ. ಪಾಯಿಂಟಿಗೆ ಇಷ್ಟೆಂದು ಪಕ್ಕದ ಸದಸ್ಯನು ತೆರುವಷ್ಟನ್ನೇ ಅವನೂ ತೆರಬೇಕು. ಮಾಳಿಗೆಯ ದುರಸ್ತಿ, ಕೆಲಸಗಾರರ ಸಂಬಳ, ತೆರಿಗೆ, ಎಲ್ಲದರಲ್ಲೂ ಅವನು ಪೂರ್ಣ ಸದಸ್ಯ. ಬಾಗಿಲು ತೆರೆಯುವಾಗ ಮಾತ್ರ ಅರೆ ಸದಸ್ಯ. ಹೊರೆಯು ಪೂರ್ಣವಾಗಿ ಕೈಬದಲಾಗಿ ಹಕ್ಕು ಅರ್ಧವಾಗಿ ಕೈಬದಲಾಗುವ ಇಂತಹ ವರ್ಗಾವಣೆಗೆ ನ್ಯಾಯದ ತಕ್ಕಡಿಯಲ್ಲಿ ಯಾವ ಸ್ಥಾನವಿದೆ?

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಸದಸ್ಯನು ತನ್ನ ಪಾಲನ್ನು ಹೊರಗಿನವನಿಗೆ ಒಂದು ಬೆಲೆಗೆ ಮಾರಲು ಒಪ್ಪಿದರೆ, ಅದೇ ಬೆಲೆಗೆ ಅದನ್ನು ತಾನೇ ಕೊಳ್ಳುವ ಪ್ರಥಮ ಹಕ್ಕನ್ನು ಕಂಪನಿಯು ಇರಿಸಿಕೊಂಡಿದೆ. ಹಾಗೆ ಕೊಂಡ ಪಾಯಿಂಟುಗಳನ್ನು ಕಂಪನಿಯು ಮತ್ತೆ ಮಾರುವಾಗ ಅವುಗಳಿಗೆ ಸಕಲ ಸವಲತ್ತುಗಳೂ ಮರಳಿ ಬರುತ್ತವೆ, ಬೆಲೆಯೂ ಏರುತ್ತದೆ. ಕೋಣೆ ಅದೇ, ಅವಧಿ ಅದೇ, ವಾರ್ಷಿಕ ಶುಲ್ಕ ಅದೇ. ಸದಸ್ಯನಿಂದ ಸದಸ್ಯನಿಗೆ ಹೋದರೆ ಸವೆಯುವ ನಾಣ್ಯವು ಕಂಪನಿಯ ಪೆಟ್ಟಿಗೆಯನ್ನು ಹೊಕ್ಕು ಹೊರಬಂದರೆ ಹೊಸದಾಗಿ ಹೊಳೆಯುತ್ತದೆ. ಸವೆತವು ವಸ್ತುವಿನ ಗುಣವಲ್ಲ, ಮಾರುವವನ ಬೆಲೆಯನ್ನು ತಗ್ಗಿಸಲು ಹೊರಗಿನಿಂದ ಹಚ್ಚಿದ ಮಸಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಕಂಪನಿಯ ಪರವಾಗಿ ಹೇಳುವ ಮಾತುಗಳಿವೆ. ಅವನ್ನು ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಮೊದಲನೆಯ ಮಾತು: ಎರಡನೆಯ ಕೈಯಿಂದ ಕೊಳ್ಳುವವನು ನಿರ್ಬಂಧಗಳನ್ನು ತಿಳಿದೇ ಕೊಳ್ಳುತ್ತಾನೆ, ಅದಕ್ಕೆ ತಕ್ಕಂತೆ ಕಡಿಮೆ ಬೆಲೆಯನ್ನೂ ಕೊಡುತ್ತಾನೆ; ಅವನಿಗೆ ಅನ್ಯಾಯವೆಲ್ಲಿ? ಈ ಮಾತು ನಿಜ. ಅನ್ಯಾಯವಾಗುವುದು ಅವನಿಗಲ್ಲ, ಮಾರುವವನಿಗೆ. 2005ರಲ್ಲಿ ಪೂರ್ಣ ಬೆಲೆ ಕೊಟ್ಟು ನೇರವಾಗಿ ಕೊಂಡ ಕುಟುಂಬವೊಂದನ್ನು ಊಹಿಸಿಕೊಳ್ಳಿ. ‘ಹಳೆಯ ಸದಸ್ಯರಿಗೆ ಯಾವ ಬಾಧೆಯೂ ಇಲ್ಲ, ಅವರ ಹಕ್ಕುಗಳೆಲ್ಲ ಸುರಕ್ಷಿತ’ ಎನ್ನುತ್ತಾರೆ. ಸುರಕ್ಷಿತವೇನೋ ಹೌದು, ಅವರು ಅದನ್ನು ಇಟ್ಟುಕೊಂಡಿರುವವರೆಗೆ. ಮನೆಯ ಯಜಮಾನ ತೀರಿಕೊಂಡಾಗಲೋ ಉದ್ಯೋಗ ಹೋದಾಗಲೋ ಮಾರಲು ಹೊರಟರೆ, ಕೊಳ್ಳುವವನಿಗೆ ಇಲ್ಲದ ಹಕ್ಕಿನ ಬೆಲೆಯು ಇವರ ಕೈಗೆ ಬರುವ ಹಣದಿಂದಲೇ ಕಡಿತವಾಗುತ್ತದೆ. ಕೊಂಡಾಗ ಇಲ್ಲದ ನಿಯಮವೊಂದನ್ನು ಹದಿನಾಲ್ಕು ವರ್ಷಗಳ ಅನಂತರ ಒಬ್ಬನೇ ಕುಳಿತು ಬರೆದು ಅವರ ಸ್ವತ್ತಿನ ಬೆಲೆಯನ್ನು ತಗ್ಗಿಸಿದಂತಾಯಿತು. ಇಂದು ನೇರವಾಗಿ ಕೊಳ್ಳುವವನೇ ನಾಳೆ ಮಾರುವವನೆಂಬುದನ್ನು ಮರೆಮಾಡಿ, ನೇರ ಸದಸ್ಯರ ಹಿತಕ್ಕಾಗಿ ಈ ನಿರ್ಬಂಧವೆಂದು ಹೇಳುವುದು ಆತ್ಮವಂಚನೆ.

ಎರಡನೆಯ ಮಾತು: ಸವಲತ್ತುಗಳು ಬದಲಾಗಬಹುದೆಂದು ಪತ್ರದಲ್ಲೇ ಬರೆದಿದೆ. ಬರೆದಿರುವುದು ಸತ್ಯ, ಕಾನೂನಿಗೆ ಅಷ್ಟು ಸಾಕಾಗಲೂಬಹುದು. ನೀತಿಗೆ ಸಾಲದು. ಕೊಳ್ಳುವವನ ಕಣ್ಣೆದುರಿಗೆ ವಸತಿಗಳ ಬಣ್ಣದ ಚಿತ್ರಗಳನ್ನು ಹರಡಿ, ಬದಲಾವಣೆಯ ಮಾತನ್ನು ನೂರು ಪುಟಗಳ ದಸ್ತಾವೇಜಿನ ಸಣ್ಣ ಅಕ್ಷರಗಳಲ್ಲಿ ಅಡಗಿಸಿದವನು ಸುಳ್ಳಾಡಿಲ್ಲವಾದರೂ ಸತ್ಯವನ್ನು ಹೇಳಿದನೆನ್ನಲಾಗದು.

ಮೂರನೆಯ ಮಾತು: ರಿಯಾಯಿತಿಗಳು ಕಂಪನಿಯ ಸ್ವಂತ ಖರ್ಚಿನಿಂದ ಕೊಡುವ ಉಡುಗೊರೆ, ಉಡುಗೊರೆಯನ್ನು ಯಾರಿಗೆ ಕೊಡಬೇಕೆಂಬುದು ಕೊಡುವವನ ಇಷ್ಟ. ಇದನ್ನು ನಾವು ಭಾಗಶಃ ಒಪ್ಪಬೇಕು. ಊಟದ ಬಿಲ್ಲಿನಲ್ಲಿ ಬಿಡುವ ಹತ್ತು ಡಾಲರು ಹಕ್ಕಲ್ಲ. ಅದು ಇಂದು ಇದ್ದು ನಾಳೆ ಇಲ್ಲವಾದರೆ ಗೊಣಗಬಹುದೇ ಹೊರತು ದೂರು ಹೇಳಲಾಗದು. ಆದರೆ ವಸತಿಯಿಂದ ವಸತಿಗೆ ದಿನಗಳನ್ನು ಬದಲಾಯಿಸಿಕೊಳ್ಳುವುದು ಉಡುಗೊರೆಯೆ? ಬೋರ್ಡ್‌ವಾಕ್ ವಸತಿಯ ಸದಸ್ಯನು ರಿವಿಯೆರಾದಲ್ಲಿ ತಂಗಿದರೆ, ಅವನು ಬಿಟ್ಟ ದಿನಗಳು ಇನ್ನೊಬ್ಬ ಸದಸ್ಯನಿಗೆ ಒದಗುತ್ತವೆ. ಎರಡೂ ಮನೆಗಳ ಖರ್ಚನ್ನು ಸದಸ್ಯರೇ ಹೊತ್ತಿದ್ದಾರೆ. ಇದು ಸದಸ್ಯರು ತಮ್ಮತಮ್ಮೊಳಗೆ ನಡೆಸುವ ಕೊಡುಕೊಳೆ. ತನ್ನದಲ್ಲದ ಖರ್ಚಿನ ಮೇಲೆ ಅನುಗ್ರಹದ ಮುದ್ರೆಯನ್ನೊತ್ತುವುದಕ್ಕೆ ಮಧ್ಯಸ್ಥನಿಗೆ ಅಧಿಕಾರವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂತಹವರನ್ನು ಕಂಡೇ ಹುಟ್ಟಿರಬೇಕು.

ಈ ಹಾದಿಯಲ್ಲಿ ನಡೆಯುತ್ತಿರುವುದು ಒಂದೇ ಕಂಪನಿಯಲ್ಲ. ವಿಂಡಮ್, ಹಿಲ್ಟನ್ ಹೆಸರಿನ ಕ್ಲಬ್ಬುಗಳಲ್ಲಿ ಎರಡನೆಯ ಕೈಯ ಪಾಯಿಂಟುಗಳು ಮೇಲಿನ ದರ್ಜೆಯ ಸದಸ್ಯತ್ವದ ಲೆಕ್ಕಕ್ಕೆ ಬರುವುದಿಲ್ಲ. ಭವಿಷ್ಯದ ದಿಕ್ಕು ಇದರಿಂದ ಸ್ಪಷ್ಟವಾಗುತ್ತದೆ. ಡಿಸ್ನಿಯ ಮೂಲ ವಸತಿಗಳಲ್ಲಿ ಹಲವುಗಳ ಅವಧಿ 2042ರ ಜನವರಿ 31ಕ್ಕೆ ಮುಗಿಯುತ್ತದೆ. ಅವುಗಳ ಜಾಗಕ್ಕೆ ಬೇಲಿಯೊಳಗಿನ ವಸತಿಗಳೇ ಬರುತ್ತ ಹೋದರೆ, ಕಾಲಕ್ರಮದಲ್ಲಿ ಎರಡನೆಯ ಕೈಯ ಸದಸ್ಯನಿಗೆ ಕ್ಲಬ್ ಎಂಬುದೇ ಉಳಿಯದು. ಒಂದು ಊರಿನ ಒಂದು ಕಟ್ಟಡ ಮಾತ್ರ ಉಳಿದೀತು. ಒಂದೇ ಅಂಗಳದಲ್ಲಿ, ಒಂದೇ ಶುಲ್ಕವನ್ನು ತೆತ್ತು, ಮೇಲು-ಕೀಳೆಂಬ ಎರಡು ಪಂಕ್ತಿಗಳಲ್ಲಿ ಕುಳಿತವರ ಕೂಟಕ್ಕೆ ಕ್ಲಬ್ಬೆಂಬ ಹೆಸರು ಒಪ್ಪದು.

ಹೊರಬರುವ ಪ್ರಾಮಾಣಿಕ ದಾರಿ ಕಿರಿದಾದಷ್ಟೂ ಆ ದಾರಿಯ ಬದಿಯಲ್ಲಿ ಕಳ್ಳರು ಹೆಚ್ಚುತ್ತಾರೆ. ‘ನಿಮ್ಮ ಪಾಲನ್ನು ಮಾರಿಸಿಕೊಡುತ್ತೇವೆ, ಮುಂಗಡ ಕೊಡಿ’ ಎಂದು ವೃದ್ಧರನ್ನು ಸುಲಿಯುವವರ ಹಾವಳಿ ಎಷ್ಟಾಯಿತೆಂದರೆ, 2012ರಲ್ಲಿ ಫ್ಲಾರಿಡಾ ರಾಜ್ಯವು ಮರುಮಾರಾಟದ ಜಾಹೀರಾತುಗಾರರನ್ನು ನಿಯಂತ್ರಿಸಲು ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. 2023ರಲ್ಲಿ ಅಮೆರಿಕದ ಖಜಾನೆ ಇಲಾಖೆಯು ಮೆಕ್ಸಿಕೋದ ಮಾದಕದ್ರವ್ಯದ ಕೂಟವೊಂದರ ಟೈಮ್‌ಶೇರ್ ವಂಚನೆಗೆ ನೆರವಾದ ಕಂಪನಿಗಳ ಮೇಲೆ ನಿರ್ಬಂಧ ಹೇರಿತು. ಕಳ್ಳತನದ ಹೊಣೆ ಕಳ್ಳನದೇ ಹೌದು. ಆದರೆ ಮಾರಲಾಗದ ವಸ್ತುವನ್ನು ಮಾರಬಹುದೆಂದು ನಂಬಿಸಿದವನು ಅವನಿಗೆ ಬಾಗಿಲನ್ನು ತೆರೆದಿಟ್ಟನೆಂಬುದೂ ನಿಜ.

ನಮ್ಮ ನಾಡಿನವರಿಗೂ ಈ ವಿಚಾರ ದೂರದ್ದಲ್ಲ. ಸ್ಟರ್ಲಿಂಗ್ ಸಂಸ್ಥೆ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಹುಟ್ಟಿದವು. ಎರಡನೆಯದರ 25 ವರ್ಷಗಳ ಸದಸ್ಯತ್ವವನ್ನು ಪಡೆದು ಕೊಡಗಿನ ವಸತಿಗಳಿಗೆ ಹೋಗಿಬರುವ ಕುಟುಂಬಗಳು ನಮ್ಮ ನಡುವೆ ಅನೇಕ. ಇಲ್ಲಿಯೂ ಆರಂಭದ ಮೊತ್ತವಲ್ಲದೆ ವಾರ್ಷಿಕ ಶುಲ್ಕವುಂಟು. ಭಾರತದಲ್ಲಿ ಟೈಮ್‌ಶೇರ್ ವ್ಯಾಪಾರಕ್ಕೆಂದೇ ಮಾಡಿದ ಪ್ರತ್ಯೇಕ ಕಾನೂನಿಲ್ಲ. ಯುರೋಪಿನ ಒಕ್ಕೂಟವು 2008ರ ತನ್ನ ನಿರ್ದೇಶನದಲ್ಲಿ, ಸಹಿ ಹಾಕಿದವನಿಗೆ 14 ದಿನಗಳೊಳಗೆ ಕಾರಣ ಹೇಳದೆ ಹಿಂದೆಗೆಯುವ ಹಕ್ಕನ್ನು ಕೊಟ್ಟು, ಟೈಮ್‌ಶೇರನ್ನು ಹೂಡಿಕೆಯೆಂದು ಹೇಳಿ ಮಾರುವುದನ್ನೇ ನಿಷೇಧಿಸಿತು. ಫ್ಲಾರಿಡಾದಲ್ಲಿ ಹಿಂದೆಗೆಯಲು 10 ದಿನಗಳ ಅವಕಾಶವಿದೆ. ನಮಗಿರುವ ಆಸರೆಯೆಂದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ‘ಅನ್ಯಾಯದ ಕರಾರು’ ಎಂಬುದನ್ನು ಗುರುತಿಸಿ, ಅದರ ವಿರುದ್ಧ ರಾಜ್ಯ ಆಯೋಗದವರೆಗೂ ರಾಷ್ಟ್ರೀಯ ಆಯೋಗದವರೆಗೂ ಹೋಗುವ ಅವಕಾಶ ಮಾಡಿಕೊಟ್ಟಿರುವುದು. ಅದು ಕೆಟ್ಟಮೇಲೆ ಬರುವ ಬುದ್ಧಿ. ಕೆಡದಂತೆ ಕಾಯುವ ಕಾನೂನು ಇನ್ನೂ ಬರಬೇಕಾಗಿದೆ.

ಆ ಕಾನೂನಿನಲ್ಲಿ ನಾಲ್ಕು ಅಂಶಗಳಿರಲೇಬೇಕೆಂದು ನಮ್ಮ ವಾದ. ಒಂದು, ಕೈಬದಲಾದಾಗ ಕುಗ್ಗುವ ಹಕ್ಕನ್ನು ‘ಒಡೆತನ’ವೆಂದು ಕರೆಯಬಾರದು, ವಾಸದ ಗುತ್ತಿಗೆಯೆಂದು ಅದರ ನಿಜ ಹೆಸರಿನಿಂದಲೇ ಮಾರಬೇಕು. ಎರಡು, ಯಾವುದೇ ಹೊಸ ನಿರ್ಬಂಧವು ಆ ದಿನದ ಅನಂತರ ಕಂಪನಿಯು ಮೊದಲ ಬಾರಿಗೆ ಮಾರುವ ಪಾಲುಗಳಿಗೆ ಮಾತ್ರ ಅನ್ವಯಿಸಬೇಕು. ಅದಕ್ಕೆ ಮುಂಚೆ ಮಾರಿದ ಪಾಲು ಹತ್ತನೆಯ ಕೈಗೆ ಹೋದರೂ ತನ್ನ ಹಕ್ಕನ್ನು ಹೊತ್ತೇ ಹೋಗಬೇಕು. ರಕ್ಷಣೆ ಸಲ್ಲಬೇಕಾದುದು ಪತ್ರಕ್ಕೆ, ಕೇವಲ ವ್ಯಕ್ತಿಗಲ್ಲ. ಮೂರು, ಬೆಲೆಯನ್ನು ಬರೆದ ಪುಟದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಎರಡನೆಯ ಕೈಗೆ ಏನೇನು ಸಲ್ಲುವುದಿಲ್ಲವೆಂಬುದನ್ನು ಬರೆಯಬೇಕು. ನಾಲ್ಕು, ಹಕ್ಕನ್ನು ಕುಗ್ಗಿಸಿದ ಪಾಲಿನ ಮೇಲಿನ ವಾರ್ಷಿಕ ಶುಲ್ಕವೂ ಅದಕ್ಕೆ ತಕ್ಕಂತೆ ಕುಗ್ಗಬೇಕು, ಇಲ್ಲವೇ ಸದಸ್ಯನು ಬೇಡವೆಂದಾಗ ಕಂಪನಿಯು ಅದನ್ನು ಹಿಂದಕ್ಕೆ ಪಡೆಯಬೇಕು.

ಕಾನೂನು ಬರುವವರೆಗೆ ಜಾಗ್ರತೆ ನಮ್ಮದೇ. ವಿಹಾರಕ್ಕೆ ಹೋದಲ್ಲಿ ಉಡುಗೊರೆಯ ಆಸೆ ತೋರಿಸಿ ಕೂರಿಸಿಕೊಂಡು, ಇಂದೇ ಸಹಿ ಹಾಕಿದರೆ ಮಾತ್ರ ಈ ಬೆಲೆ ಎನ್ನುವವರ ಮುಂದೆ ವಾಚಕರು ಒಂದು ಪ್ರಶ್ನೆಯನ್ನು ಇಡಲಿ: ‘ಇದನ್ನು ನಾನು ಮಾರುವ ದಿನ ಇದರಲ್ಲಿ ಏನೇನು ಉಳಿದಿರುತ್ತದೆ? ಅದನ್ನು ಬರೆದುಕೊಡಿ’. ಬರೆದುಕೊಟ್ಟರೆ ಓದಿ ವಿಚಾರಮಾಡಿ ಕೊಳ್ಳಬಹುದು. ಬರೆದುಕೊಡಲು ಹಿಂಜರಿದರೆ, ಮೇಜಿನ ಮೇಲಿಟ್ಟಿರುವುದು ಕ್ರಯಪತ್ರವಲ್ಲವೆಂದು ತಿಳಿದು ಎದ್ದುಬರುವುದೇ ವಿವೇಕ.