ನೀಲಿ ಅಂಗಿಗೆ ಗಡಿ ತಕರಾರು ಬೇಡ

ಕಪ್ ಕೈಗೆ ಬಂದು ಜಾರಿ ಹೋಗುವ ಸಂಕಟ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಹೊಸದೇನಲ್ಲ. 2018ರಲ್ಲಿ ಸ್ವಂತ ಕಂಠೀರವ ಮೈದಾನದಲ್ಲೇ ಚೆನ್ನೈಯಿನ್ ಎದುರು ಐಎಸ್‌ಎಲ್ ಫೈನಲ್ 3-2ರಿಂದ ಹೋಯಿತು. 2025ರ ಏಪ್ರಿಲ್ 12ರಂದು ಕೋಲ್ಕತಾದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಹೋಯಿತು. ಇವೆರಡರ ನಡುವೆ 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಆದದ್ದಂತೂ ಮರೆಯುವ ಸೋಲಲ್ಲ.

ಆ ವರ್ಷ ಪಟ್ಟಿಯ ಕೆಳಗೆ ಬಿದ್ದಿದ್ದ ತಂಡ ಲೀಗಿನ ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದು ಮೇಲೆ ಬಂದಿತ್ತು. ಫೈನಲಿನಲ್ಲಿ 78ನೇ ನಿಮಿಷಕ್ಕೆ ರಾಯ್ ಕೃಷ್ಣ ಗೋಲು ಹೊಡೆದಾಗ ಬೆಂಗಳೂರು 2-1 ಮುಂದೆ. ಇನ್ನು ಹನ್ನೆರಡೇ ನಿಮಿಷ. 85ಕ್ಕೆ ಎದುರಾಳಿಗೆ ಪೆನಾಲ್ಟಿ, 2-2. ಕೊನೆಗೆ ಪೆನಾಲ್ಟಿ ಕಿಕ್ಕುಗಳಲ್ಲಿ 4-3ರ ಸೋಲು. ರೆಫರಿಯ ತೀರ್ಪುಗಳ ಬಗ್ಗೆ ತಂಡದ ಮಾಲೀಕರೇ ಬಹಿರಂಗವಾಗಿ ಸಿಟ್ಟು ತೋಡಿಕೊಂಡರು. ಅಭಿಮಾನಿಯ ಹೆಮ್ಮೆ ರೆಫರಿ ಮೇಲೆ ನಿಂತದ್ದಲ್ಲ. ಕೆಳಗಿನಿಂದ ಎದ್ದು ಬಂದ ತಂಡ ಒಂದು ಕಿಕ್ಕಿನ ಅಂತರಕ್ಕೆ ಬಂದು ನಿಂತಿತ್ತು ಎನ್ನುವುದೇ ಅವನ ಹೆಮ್ಮೆ.

"ಸೋತೈತಿ ಖರೆ, ಮಾನ ಕಳಕೊಂಡಿಲ್ಲ" ಎಂದು ಮರುದಿನವೂ ಅದೇ ನೀಲಿ ಅಂಗಿ ತೊಟ್ಟು ಹೊರಬೀಳುವ ಹುಡುಗರು ಸೊಲ್ಲಾಪುರ, ಅಕ್ಕಲಕೋಟೆ ಕಡೆಯೂ ಇದ್ದಾರೆ. ಕ್ರಿಕೆಟ್ ಮಂದಿಯ ನಡುವೆ ಬೆರಳೆಣಿಕೆಯಷ್ಟು ಇರಬಹುದು. ಆದರೆ ಇವರಿಗೆ ಎದುರಾಗುವ ಪ್ರಶ್ನೆ ಆಟದ್ದಲ್ಲ. "ಮಹಾರಾಷ್ಟ್ರದ ಅನ್ನ ಉಂಡು ಬೆಂಗಳೂರಿಗೆ ಜೈ ಅಂತೀಯೇನು?" ಎಂದು ಈ ಕಡೆ ಕೇಳುತ್ತಾರೆ. ವಿಜಾಪುರ, ಕಲಬುರ್ಗಿಯ ಬೀಗರ ಮನೆಗೆ ಹೋದರೆ ಅಲ್ಲಿಯದು ಬೇರೆ ಚೇಷ್ಟೆ: "ಯಾಕೋ ತಮ್ಮಾ, ನಿಮ್ಮ ಮುಂಬಯಿ ಟೀಮ್ ಏನಾತು?"

ಚೇಷ್ಟೆ ಚೇಷ್ಟೆಯಾಗೇ ಇದ್ದರೆ ಅಡ್ಡಿಯಿಲ್ಲ. ಗಡಿಯಲ್ಲಿ ಅದು ಹಾಗೆ ಉಳಿಯುವುದಿಲ್ಲ. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕು ಎಂದರು. ಒಂದು ಹಳ್ಳಿಯನ್ನೂ ಬಿಟ್ಟುಕೊಡೆವು ಎಂದು ಮುಂಬಯಿಯಿಂದ ಉತ್ತರ ಬಂತು. ಮುಂದೆ ಕಲ್ಲು, ಮಸಿ, ನಿಂತ ಬಸ್ಸು. ಆ ದಿನಗಳಲ್ಲಿ ದುಡಿಮೆಗೆ ಹೋಗುವವನಿಗೂ, ಲಗ್ನಕ್ಕೆ ಹೋಗುವವನಿಗೂ ಆದ ತ್ರಾಸು ಎರಡೂ ರಾಜಧಾನಿಗಳಿಗೆ ತಿಳಿದಿರಲಿಕ್ಕಿಲ್ಲ.

ಅದಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, 2023ರ ಮಾರ್ಚ್ 12ರಂದು, ಕಂಠೀರವದಲ್ಲಿ ಬೆಂಗಳೂರು ಮತ್ತು ಮುಂಬೈ ಸಿಟಿ ನಡುವೆ ಸೆಮಿಫೈನಲ್. ಎರಡು ಪಂದ್ಯ ಸೇರಿ 2-2. ಪೆನಾಲ್ಟಿಯಲ್ಲಿ ಬೆಂಗಳೂರು 9-8ರಿಂದ ಗೆದ್ದಿತು. ಇಂಥ ಗೆಲುವನ್ನು ಗಡಿಯನ್ನೇ ಗೆದ್ದಂತೆ ಕೊಂಡಾಡುವುದು ಬಹಳ ಸುಲಭ. ಮುಂಬಯಿ ಹುಡುಗರ ಎಂಟು ಚೆಂಡುಗಳೂ ನೆಟ್ಟಿಗೇ ಬಿದ್ದಿದ್ದವು ಎಂಬುದು ಆಗ ಮರೆತು ಹೋಗುತ್ತದೆ.

ರಾಹುಲ್ ಭೇಕೆಯನ್ನು ನೋಡಬೇಕು. ಮುಂಬಯಿ ಹುಡುಗ. 2019ರ ಮಾರ್ಚ್ 17ರಂದು ಮುಂಬಯಿಯ ಮೈದಾನದಲ್ಲೇ, ಎಫ್‌ಸಿ ಗೋವಾ ಎದುರು 117ನೇ ನಿಮಿಷದಲ್ಲಿ ಇವರು ತಲೆಯಿಂದ ಹೊಡೆದ ಗೋಲಿನಿಂದಲೇ ಬೆಂಗಳೂರಿಗೆ ಐಎಸ್‌ಎಲ್ ಕಪ್ ಬಂದದ್ದು. 2021ರಲ್ಲಿ ಮುಂಬೈ ಸಿಟಿಗೆ ಹೋದರು, 2024ರಲ್ಲಿ ಬೆಂಗಳೂರಿಗೆ ಮರಳಿದರು. ಭೇಕೆ ಯಾರಿಗೆ ದ್ರೋಹ ಮಾಡಿದಂತಾಯಿತು? ಆಡುವವನಿಗೆ ಇಲ್ಲದ ಗಡಿ ನೋಡುವವನಿಗೆ ಯಾಕೆ? ಸುನೀಲ್ ಛೆತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಅಷ್ಟೇಕೆ, ತಂಡದ ಒಡೆತನದ ಜೆಎಸ್‌ಡಬ್ಲ್ಯು ಸಮೂಹದ ಮುಖ್ಯ ಕಚೇರಿಯೇ ಮುಂಬಯಿಯಲ್ಲಿದೆ!

ಕರ್ನಾಟಕದ ಹೆಸರಿನ ತಂಡಕ್ಕೇ ಹೆಮ್ಮೆ ಪಡುವುದಿದ್ದರೆ ಅದಕ್ಕೂ ಅವಕಾಶವಿತ್ತು. ಆ ಸೆಮಿಫೈನಲಿಗೆ ಎಂಟು ದಿನ ಮೊದಲು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಗಡಿ ಬಗ್ಗೆ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯ ಹುಡುಗ ನೀಲಿ ಅಂಗಿ ತೊಟ್ಟು ಬಂದರೆ ಅದನ್ನು ಗಡಿ ಅರ್ಜಿ ಎಂದು ಓದಬೇಕಾಗಿಲ್ಲ, ಈ ಕಡೆಯವರೂ ಆ ಕಡೆಯವರೂ. ಸೋತ ತಂಡದ ಮೇಲೆ ಅವನಿಗೆ ಪ್ರೀತಿ, ಅಷ್ಟೇ. ಅವನ ಕಾಲಲ್ಲಿ ಕಸುವಿದ್ದರೆ ನಾಳೆ ಸೊಲ್ಲಾಪುರ ಜಿಲ್ಲೆಗೆ ಆಡುತ್ತಾನೆ, ನಸೀಬಿದ್ದರೆ ಸಂತೋಷ್ ಟ್ರೋಫಿಯಲ್ಲಿ ಮಹಾರಾಷ್ಟ್ರಕ್ಕೆ. ಅಂದು ಎದುರಿಗೆ ಕರ್ನಾಟಕವೇ ಬಂದು ನಿಂತರೂ ಅವನು ಗೋಲು ಹೊಡೆಯುವವನೇ, ಅವನ ಅವ್ವ ಅಪ್ಪ ಕನ್ನಡದಲ್ಲೇ "ಹೊಡಿ ಮಗನ" ಎಂದು ಕೂಗುವವರೇ.