ಸರ್ವರ್‌ವರೆಗೆ ಬಂದ ವಿದ್ಯೆ ವಿದ್ಯಾರ್ಥಿಯವರೆಗೂ ಬರಲಿ

ಪದವಿ ಕಾಲೇಜಿನ ಗ್ರಂಥಪಾಲಕರೊಬ್ಬರು ಒಂದು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು, ತಮ್ಮ ವಿದ್ಯಾರ್ಥಿಗಳ ಹೆಸರು ಮತ್ತು ಇಮೇಲ್ ವಿಳಾಸಗಳ ಪಟ್ಟಿಯನ್ನು ಎನ್‌-ಲಿಸ್ಟ್ ಎಂಬ, ಕಾಲೇಜುಗಳು ಹಂಚಿಕೊಳ್ಳುವ ಡಿಜಿಟಲ್ ಗ್ರಂಥಾಲಯದ ಜಾಲತಾಣಕ್ಕೆ ಏರಿಸಿದರೆ, ಆ ಹುಡುಗ ಹುಡುಗಿಯರಿಗೆ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳು, ಆರು ಸಾವಿರಕ್ಕೂ ಹೆಚ್ಚು ಇ-ನಿಯತಕಾಲಿಕೆಗಳು ಓದಲು ಸಿಗುತ್ತವೆ. ಏರಿಸದಿದ್ದರೆ ಸಿಗುವುದಿಲ್ಲ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ಇದಕ್ಕಾಗಿ ವರ್ಷಕ್ಕೆ ಕಟ್ಟುತ್ತ ಬಂದದ್ದು ತೆರಿಗೆ ಸೇರಿ ಬರೀ 5,900 ರೂಪಾಯಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲೆಂದು ಆ ರಸೀದಿ ಫೈಲಿನಲ್ಲಿ ಭದ್ರವಾಗಿರುತ್ತದೆ. ಪಾಸ್‌ವರ್ಡ್ ಎಷ್ಟು ಮಕ್ಕಳ ಕೈಯಲ್ಲಿದೆ? ಪ್ರಾಂಶುಪಾಲರೇ, ಈ ಲೇಖನ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ನಿಮ್ಮ ಗ್ರಂಥಾಲಯದಲ್ಲಿ ಈ ಒಂದು ಪ್ರಶ್ನೆ ಕೇಳಿ ಬಂದರೂ ನನಗೆ ಸಂತೋಷ.

ಒಬ್ಬರಿಂದ ಆಗದ್ದನ್ನು ಹಲವರು ಕೂಡಿ ಮಾಡುವುದು ನಮ್ಮ ಉನ್ನತ ಶಿಕ್ಷಣಕ್ಕೆ ಹೊಸದೇನಲ್ಲ. 1984ರ ಆಗಸ್ಟ್ 15ರಂದು ಯುಜಿಸಿ ದೂರದರ್ಶನದಲ್ಲಿ ದೇಶದ ಎಲ್ಲ ಕಾಲೇಜುಗಳಿಗೂ ಒಂದೇ ತರಗತಿ ಶುರು ಮಾಡಿತು. ಆ ಪಾಠಗಳನ್ನು ತಯಾರಿಸುವ ಕೇಂದ್ರಗಳು ಒಂದೊಂದಾಗಿ ವಿಶ್ವವಿದ್ಯಾಲಯಗಳಲ್ಲಿ ತಲೆ ಎತ್ತಿದವು. ಮೈಸೂರಿಗೂ ಒಂದು ಬಂತು. 1991ರಲ್ಲಿ ಗ್ರಂಥಾಲಯಗಳನ್ನು ಜೋಡಿಸಲು ಇನ್‌ಫ್ಲಿಬ್‌ನೆಟ್ ಹುಟ್ಟಿತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಆನ್‌ಲೈನ್ ಪಾಠಗಳ ಭಂಡಾರ ಎನ್‌ಪಿಟೆಲ್ ಕಟ್ಟಿದವು. ಒಂದು ಕಾಲಕ್ಕೆ ಪ್ರವೇಶ ಪರೀಕ್ಷೆಯ ಬಾಗಿಲು ದಾಟಿದವರಿಗಷ್ಟೇ ಕೇಳುತ್ತಿದ್ದ ಪಾಠಗಳನ್ನು ಈಗ ಯಾರು ಬೇಕಾದರೂ ಬಿಟ್ಟಿಯಾಗಿ ಕೇಳಬಹುದು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಪ್ರಯೋಗಕ್ಕೆ ಆಯ್ದುಕೊಂಡ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೆಳಗಾವಿಯ ವಿಟಿಯು ಒಂದು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ‘ಸ್ವಯಂ’ ಬಂತು. ಯುಜಿಸಿಯ 2021ರ ನಿಯಮದ ಪ್ರಕಾರ ವಿದ್ಯಾರ್ಥಿಯೊಬ್ಬ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು ಅಲ್ಲಿಂದಲೇ ಮಾಡಬಹುದು. ಗಳಿಸಿದ ಕ್ರೆಡಿಟ್ ಕೂಡಿಡಲು ಅದೇ ವರ್ಷ ಅಕಾಡೆಮಿಕ್ ಬ್ಯಾಂಕ್ ಕೂಡ ತೆರೆಯಿತು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ, ಸಂಶೋಧನಾ ನಿಯತಕಾಲಿಕೆಗಳಿಗೆ ಒಟ್ಟಾಗಿ ಚಂದಾ ಕಟ್ಟುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಮೂವತ್ತು ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು, 6,300 ಸರ್ಕಾರಿ ಸಂಸ್ಥೆಗಳು.

ಇಷ್ಟನ್ನೂ ಕಟ್ಟಿದವರಿಗೆ ಕೈ ಮುಗಿಯುತ್ತೇನೆ. ಆದರೆ ಕೂಡಿ ಮಾಡುವ ಈ ಕೆಲಸ ಸರ್ವರ್‌ವರೆಗೆ ಬಂದು ನಿಂತುಬಿಟ್ಟಿದೆ. ಪುಸ್ತಕ ಹಂಚಿಕೊಂಡೆವು, ಪಾಠ ಹಂಚಿಕೊಂಡೆವು, ಕ್ರೆಡಿಟ್ ಹಂಚಿಕೊಂಡೆವು. ಆ ಪಾಠದ ಹದಿನೇಳನೇ ನಿಮಿಷದಲ್ಲಿ ಅರ್ಥವಾಗದೆ ಕೂತ ಹುಡುಗಿಗೆ ಉತ್ತರ ಹೇಳುವ ಮನುಷ್ಯರನ್ನು ಮಾತ್ರ ಹಂಚಿಕೊಂಡಿಲ್ಲ.

ಆ ಹುಡುಗಿ ಯಾರೆಂದು ನಮಗೆಲ್ಲ ಗೊತ್ತು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ, ಬೆಳಗ್ಗೆ ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿಗೆ ಬರುವವಳು. ಮನೆಗೆ ಮರಳಿ, ಕೆಲಸ ಮುಗಿಸಿ, ಮೊಬೈಲ್ ಕೈಗೆ ಸಿಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಆ ಹೊತ್ತಿಗೆ ಯಾವ ಕಾಲೇಜಿನ ಕಚೇರಿಯೂ ತೆರೆದಿರುವುದಿಲ್ಲ. ಪಾಸ್‌ವರ್ಡ್ ಮರೆತರೆ ಯಾರನ್ನು ಕೇಳಬೇಕು? ಅಸೈನ್‌ಮೆಂಟ್ ಏರಿಸುವಾಗ ನೆಟ್‌ವರ್ಕ್ ಕೈಕೊಟ್ಟು ಗಡುವು ಮೀರಿದರೆ ಯಾರಿಗೆ ಹೇಳಬೇಕು? ಪರೀಕ್ಷೆಗೆ ಯಾವ ಊರಿನ ಕೇಂದ್ರ ಆರಿಸಿಕೊಂಡರೆ ಸಂಜೆಯೊಳಗೆ ಮನೆ ಸೇರಬಹುದು? 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯ ರಸ್ತೆ ಬದಿಯಲ್ಲಿ, ಸುರಿಯುವ ಮಳೆಯಲ್ಲಿ, ಮಗಳು ಆನ್‌ಲೈನ್ ತರಗತಿ ಕೇಳಲೆಂದು ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ನೋಡಿದೆವು. ನೋಡಿ ಮರುಗಿದೆವು, ಒಬ್ಬರಿಗೊಬ್ಬರು ಕಳುಹಿಸಿಕೊಂಡೆವು. ಆ ಮಗುವಿನ ವಯಸ್ಸಿನ ಹಲವರು ಅಲ್ಲಿಂದಾಚೆ ಪದವಿ ಕಾಲೇಜುಗಳ ಮೆಟ್ಟಿಲು ಹತ್ತಿದ್ದಾರೆ. ಅವರಿಗಾಗಿ ನಾವು ಏನನ್ನು ಸಿದ್ಧ ಮಾಡಿಟ್ಟೆವು?

ಸಹಾಯವಾಣಿಯ ವಿಚಾರವನ್ನೇ ನೋಡಿ. ರಾತ್ರಿ ಹತ್ತರವರೆಗೆ ಕನ್ನಡದಲ್ಲಿ ಉತ್ತರಿಸುವ ನಾಲ್ವರನ್ನು ಇಟ್ಟುಕೊಳ್ಳುವ ಶಕ್ತಿ ಒಂದು ಕಾಲೇಜಿಗಿಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಕೂಡಿದರೆ ಆ ಖರ್ಚು ತಲಾ ಲೆಕ್ಕದಲ್ಲಿ ಗಣನೆಗೇ ಬರುವುದಿಲ್ಲ. ಪ್ರವೇಶ, ಪರೀಕ್ಷೆ, ಅಂಕಪಟ್ಟಿಗೆಲ್ಲ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶ ತರಲು ಸಾಧ್ಯವಾಯಿತಲ್ಲ. ಶುಲ್ಕ ಕಟ್ಟಿಸಿಕೊಳ್ಳಲು ಒಂದಾಗಬಲ್ಲ ನಾವು ಪ್ರಶ್ನೆಗೆ ಉತ್ತರಿಸಲು ಯಾಕೆ ಒಂದಾಗಬಾರದು? ತಂತ್ರಾಂಶ ಒಂದಾದರೂ ಅದರಲ್ಲಿ ತೊಡಕಾದಾಗ ವಿದ್ಯಾರ್ಥಿಯೇ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಮತ್ತೆ ಕಾಲೇಜಿಗೆ ಅಲೆಯುವಂತಾದರೆ, ನಾವು ಒಂದುಗೂಡಿಸಿದ್ದು ಯಂತ್ರವನ್ನಷ್ಟೇ.

ಭಾಷೆಯ ಕೆಲಸವೂ ಹೀಗೆಯೇ. ಎನ್‌ಪಿಟೆಲ್‌ನ ಹಲವು ಪಾಠಗಳಿಗೆ ಈಗ ಕನ್ನಡ ಪಠ್ಯವಿದೆ, ಅಡಿಬರಹವಿದೆ. ಇದೆ ಎಂದು ಎಷ್ಟು ಮಕ್ಕಳಿಗೆ ಯಾರಾದರೂ ಹೇಳಿದ್ದಾರೆ? ಅನುವಾದ ತೊಡಕಾದ ಕಡೆ ಅರ್ಥಶಾಸ್ತ್ರದ, ಭೌತಶಾಸ್ತ್ರದ ನಮ್ಮ ಮೇಷ್ಟ್ರುಗಳು ಹತ್ತು ನಿಮಿಷದ ಕನ್ನಡ ವಿವರಣೆ ಜೋಡಿಸಿದರೆ, ಅದು ಕಲಬುರಗಿಯ ಹುಡುಗನಿಗೂ ಆಗುತ್ತದೆ, ಕೊಳ್ಳೇಗಾಲದ ಹುಡುಗನಿಗೂ ಆಗುತ್ತದೆ. ಈಗ ನಡೆಯುವುದು ಬೇರೆ. ಅದೇ ಪಾಠಕ್ಕೆ ಅದೇ ಟಿಪ್ಪಣಿಯನ್ನು ನೂರು ಕಾಲೇಜಿನ ನೂರು ಅಧ್ಯಾಪಕರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ನೂರು ಸಲ ಬರೆದು ತಂತಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅಷ್ಟು ಶ್ರಮ, ಅಷ್ಟು ಒಳ್ಳೆಯ ಮನಸ್ಸು, ಎಲ್ಲವೂ ಮುಂದಿನ ಬ್ಯಾಚಿಗೆ ಸಿಗದಂತೆ ಕೊಚ್ಚಿಹೋಗುತ್ತದೆ.

ಇನ್ನು ಕಣ್ಣು ಕಾಣದ ವಿದ್ಯಾರ್ಥಿಗಳ ಮಾತು. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಬೇಕು. ಪುಸ್ತಕದ ಪುಟಗಳನ್ನು ಸುಮ್ಮನೆ ಫೋಟೊ ಹೊಡೆದು ಪಿಡಿಎಫ್ ಮಾಡಿ ಹಾಕಿದರೆ, ತೆರೆಯ ಮೇಲಿನ ಅಕ್ಷರ ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆ. ಆನ್‌ಲೈನ್ ಶಿಕ್ಷಣ ಯಾರಿಗೆ ಎಲ್ಲರಿಗಿಂತ ಹೆಚ್ಚು ನೆರವಾಗಬೇಕಿತ್ತೋ ಅವರ ಮುಖಕ್ಕೇ ನಾವು ಬಾಗಿಲು ಹಾಕುತ್ತಿದ್ದೇವೆ, ಅದೂ ಗೊತ್ತಿಲ್ಲದೆ. ಕಾನೂನು ಅಡ್ಡ ಬರುವುದಿಲ್ಲ: ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಅಂಧರಿಗೆ ಪುಸ್ತಕ ದೊರಕಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ದಾರಿಯೂ ಇದೆ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ದಲ್ಲಿ ದೇಶದ ಹಲವು ಸಂಸ್ಥೆಗಳು ತಾವು ಸಿದ್ಧಪಡಿಸಿದ ಪುಸ್ತಕಗಳನ್ನು ಒಂದೆಡೆ ಸೇರಿಸುತ್ತವೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಮಾಡಬೇಕಿಲ್ಲ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆ ದಶಕಗಳಿಂದ ಧ್ವನಿಪುಸ್ತಕಗಳನ್ನು ಮಾಡುತ್ತ ಬಂದಿದೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ಸಂಘಟನೆಗಳು ಇಷ್ಟನ್ನು ಮಾಡಿ ತೋರಿಸಿವೆ. ವಿಶ್ವವಿದ್ಯಾಲಯಗಳು ತಮ್ಮದೇ ಪಠ್ಯಪುಸ್ತಕಗಳನ್ನು ಯುನಿಕೋಡ್ ಅಕ್ಷರದಲ್ಲಿ ಒಂದೇ ಕಡೆ ಇಡಲು ಇನ್ನೂ ಯಾರ ಅಪ್ಪಣೆಗೆ ಕಾಯುತ್ತಿವೆ?

ಸಣ್ಣ ವಿಶ್ವವಿದ್ಯಾಲಯಗಳ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಜಿಲ್ಲೆಗೊಂದರಂತೆ ಹುಟ್ಟಿದ ನಮ್ಮ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ನಡೆಸುವುದು ಕಷ್ಟ, ಮುಚ್ಚಬೇಕು ಎಂಬ ಮಾತು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯಲ್ಲಿ ಬಂತು. ಆ ಜಿಲ್ಲೆಗಳಲ್ಲಿ ಕೂಗು ಎದ್ದಿತು. ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂಬ ಎರಡೇ ಮಾತಿನಲ್ಲಿ ಚರ್ಚೆ ಸಿಕ್ಕಿಕೊಂಡಿತು. ಸಣ್ಣದಾಗಿ ಇದ್ದುಕೊಂಡೇ, ಭಾರವಾದ ಕೆಲಸಗಳನ್ನು ಮಾತ್ರ ಕೂಡಿ ಹೊರುವ ಮೂರನೆಯ ದಾರಿ ಯಾರ ಬಾಯಲ್ಲೂ ಗಟ್ಟಿಯಾಗಿ ಬರಲಿಲ್ಲ.

ಆ ದಾರಿಯಲ್ಲಿ ನಡೆದವರು ಇದ್ದಾರೆ. ಅಮೆರಿಕದ ನಡುಭಾಗದ ಬಯಲು ರಾಜ್ಯಗಳಲ್ಲಿ, ಕ್ಯಾನ್ಸಸ್, ನೆಬ್ರಾಸ್ಕಾ, ಅಯೋವಾ ಕಡೆ, 1990ರ ದಶಕದಲ್ಲಿ ಗೃಹವಿಜ್ಞಾನ ವಿಭಾಗಗಳು ಸೊರಗುತ್ತಿದ್ದವು. ಕೆಲವು ವಿಷಯಗಳಲ್ಲಿ ಪೂರ್ತಿ ಸ್ನಾತಕೋತ್ತರ ಪದವಿಯೊಂದನ್ನು ಒಬ್ಬರೇ ನಡೆಸುವುದು ಕಷ್ಟವಾಗಿತ್ತು. ಅವು ಸೇರಿ ‘ಗ್ರೇಟ್ ಪ್ಲೇನ್ಸ್ ಐಡಿಯಾ’ ಎಂಬ ಒಕ್ಕೂಟ ಮಾಡಿಕೊಂಡವು. ವಿದ್ಯಾರ್ಥಿ ತಾನು ಆರಿಸಿಕೊಂಡ ಒಂದು ವಿಶ್ವವಿದ್ಯಾಲಯದಲ್ಲಿ ದಾಖಲಾಗುತ್ತಾನೆ, ಪದವಿಯೂ ಅಲ್ಲಿಯದೇ. ಪಾಠಗಳು ಮಾತ್ರ ಒಕ್ಕೂಟದ ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಆನ್‌ಲೈನ್‌ನಲ್ಲಿ ಬರುತ್ತವೆ. ಎಲ್ಲ ಕಡೆಯೂ ಒಂದೇ ಶುಲ್ಕ. ಆ ಹಣದಲ್ಲಿ ಪಾಠ ಮಾಡಿದವರಿಗೊಂದು ಪಾಲು, ದಾಖಲು ಮಾಡಿಕೊಂಡು ವಿದ್ಯಾರ್ಥಿಯ ಬೇಕುಬೇಡ ನೋಡಿಕೊಂಡವರಿಗೊಂದು ಪಾಲು, ಒಕ್ಕೂಟದ ಕಚೇರಿಗೊಂದು ಪಾಲು. ಈ ಎರಡನೆಯ ಪಾಲಿನ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ವಿದ್ಯಾರ್ಥಿಯ ಜೊತೆ ನಿಲ್ಲುವುದೂ ಕೂಲಿ ಕೊಡಬೇಕಾದ ಕೆಲಸ ಎಂದು ಅವರು ಮೊದಲೇ ಒಪ್ಪಿಕೊಂಡರು. ನಮ್ಮಲ್ಲಿ ಅದು ಯಾವ ಬಜೆಟ್ಟಿನ ಯಾವ ಸಾಲಿನಲ್ಲೂ ಇಲ್ಲ.

ಅಮೆರಿಕದ ಮಾತು ದೊಡ್ಡದೆನಿಸಿದರೆ ಪೆಸಿಫಿಕ್ ಸಾಗರದ ಕಡೆ ನೋಡಿ. 1968ರಿಂದ ಫಿಜಿಯ ಸುವಾದಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ ಹನ್ನೆರಡು ದೇಶಗಳ ಸೊತ್ತು. ಟುವಾಲು, ನಿಯುವೆಯಂಥ, ನಮ್ಮ ಒಂದು ಹೋಬಳಿಯಷ್ಟೂ ಜನರಿಲ್ಲದ ದ್ವೀಪದೇಶಗಳು ಅದರಲ್ಲಿ ಸೇರಿವೆ.

ಅಷ್ಟು ದೂರವೂ ಬೇಡ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬನೇ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತರು ಕೂಡಿದಾಗ ಬಡ್ಡಿಯ ಮಾತೇ ಬದಲಾಯಿತು. ಒಬ್ಬಂಟಿಯಾಗಿ ಹೋದ ಕಾಲೇಜಿಗೆ ಪ್ರಕಾಶಕನೂ ತಂತ್ರಾಂಶ ಕಂಪನಿಯೂ ಹೇಳುವ ಬೆಲೆ ಒಂದು; ನಾನೂರು ಕಾಲೇಜುಗಳು ಒಟ್ಟಿಗೆ ಕೂತು ಕೇಳಿದಾಗ ಹೇಳುವ ಬೆಲೆಯೇ ಬೇರೆ. ಇದನ್ನು ನೂರು ವರ್ಷಗಳ ಹಿಂದೆಯೇ ಕಂಡುಕೊಂಡ ನೆಲದಲ್ಲಿ ವಿಶ್ವವಿದ್ಯಾಲಯಗಳು ಬಿಡಿ ಬಿಡಿಯಾಗಿ ಟೆಂಡರ್ ಕರೆಯುತ್ತ ಕೂತಿರುವುದು ನೋವಿನ ಸಂಗತಿ.

ಒಂದು ಭಯವನ್ನು ಇಲ್ಲಿ ಮುಚ್ಚಿಡಬಾರದು. ಒಬ್ಬ ಪ್ರಾಧ್ಯಾಪಕರ ವಿಡಿಯೊ ನಾನೂರು ಕಾಲೇಜುಗಳಲ್ಲಿ ಓಡಿದರೆ ನಾಳೆ ಖಾಲಿ ಹುದ್ದೆ ತುಂಬುವುದೇ ಬೇಡ ಎನ್ನುವವರು ಹುಟ್ಟಿಕೊಳ್ಳುವುದಿಲ್ಲವೇ? ಹುಟ್ಟಿಕೊಳ್ಳುತ್ತಾರೆ. ಈಗಾಗಲೇ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ; ಪ್ರತಿ ವರ್ಷ ಮುಂದಿನ ಸೆಮಿಸ್ಟರಿಗೆ ಕರೆ ಬರುತ್ತದೋ ಇಲ್ಲವೋ ಎಂದು ಕಾಯುತ್ತ ಅವರಲ್ಲಿ ಹಲವರ ವಯಸ್ಸು ನಲವತ್ತು ದಾಟಿದೆ. ಹಂಚಿಕೆಯ ಹೆಸರಿನಲ್ಲಿ ಅವರ ತರಗತಿ ಕಸಿದುಕೊಂಡರೆ, ಅಥವಾ ಆನ್‌ಲೈನ್ ವಿದ್ಯಾರ್ಥಿಗಳ ಹೊಣೆಯನ್ನು ಪುಕ್ಕಟೆಯಾಗಿ ಅವರ ತಲೆಗೇ ಕಟ್ಟಿದರೆ, ಅದನ್ನು ಮೊದಲು ವಿರೋಧಿಸುವವನು ನಾನು. ಕೂಡಿ ಕಟ್ಟುವ ಸಹಾಯ ಕೇಂದ್ರಕ್ಕೆ ಬೇಕಾಗುವವರು ಇವರೇ: ಹಳ್ಳಿಯ ಮಕ್ಕಳ ಕನ್ನಡ ಬಲ್ಲವರು, ಎಲ್ಲಿ ಎಡವುತ್ತಾರೆಂದು ಬಲ್ಲವರು. ಅವರಿಗೆ ವರ್ಷಪೂರ್ತಿ ಕೆಲಸ, ವರ್ಷಪೂರ್ತಿ ಸಂಬಳ, ಮಾಡಿದ ಪಾಠದಲ್ಲಿ ಅವರ ಹೆಸರು ಇರುವುದಾದರೆ ಮಾತ್ರ ಈ ಕರೆಗೆ ಅರ್ಥ.

ಅಧ್ಯಾಪಕ ಮಿತ್ರರೇ, ನಿಮ್ಮಲ್ಲೂ ಒಂದು ಬೇಡಿಕೆ. ನಿಮ್ಮ ಟಿಪ್ಪಣಿ ಬೇರೆ ಕಾಲೇಜಿನವರು ಬಳಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ನಿಮ್ಮ ವಿದ್ಯಾರ್ಥಿ ‘ಸ್ವಯಂ’ನಲ್ಲಿ ಪಾಸು ಮಾಡಿಕೊಂಡು ಬಂದ ಕೋರ್ಸನ್ನು ‘ನಮ್ಮ ಸಿಲಬಸ್‌ಗೆ ಹೊಂದುವುದಿಲ್ಲ’ ಎಂದು ಅಧ್ಯಯನ ಮಂಡಳಿಯಲ್ಲಿ ತಳ್ಳಿಹಾಕುವ ಮೊದಲು, ಆ ಮಗು ಅದನ್ನು ಎಷ್ಟು ರಾತ್ರಿ ಓದಿರಬಹುದು ಎಂದು ಒಮ್ಮೆ ಯೋಚಿಸಿ.

ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳಿಗೂ, ಮಠಗಳ ವಿದ್ಯಾಸಂಸ್ಥೆಗಳಿಗೂ ಇದೇ ಮಾತು. ‘ಒಂದು ದೇಶ ಒಂದು ಚಂದಾ’ ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟ ಸೌಲಭ್ಯ. ನಮ್ಮನ್ನು ಹೊರಗಿಟ್ಟರು ಎಂದು ದೂರುತ್ತ ಕೂರದೆ ನಿಮ್ಮ ನಿಮ್ಮಲ್ಲೇ ಕೂಡಿ. ದಾಸೋಹದಲ್ಲಿ ಲಕ್ಷ ಜನರಿಗೆ ಅನ್ನ ಇಕ್ಕಿದ ಪರಂಪರೆಗೆ ನಾಲ್ಕು ಊರಿನ ಮಕ್ಕಳಿಗೆ ಒಂದು ಗ್ರಂಥಾಲಯ ಹಂಚಿಕೊಡುವುದು ಭಾರವಾಗಬಾರದು.

ಕುಲಪತಿಗಳೇ, ಉನ್ನತ ಶಿಕ್ಷಣ ಇಲಾಖೆಯವರೇ, ಇದಕ್ಕೆ ಹೊಸ ಕಟ್ಟಡ ಬೇಡ, ಉದ್ಘಾಟನೆಯ ಫಲಕವೂ ಬೇಡ. ಮುಂದಿನ ಪ್ರವೇಶಾತಿ ಶುರುವಾಗುವ ಮುನ್ನ ಒಂದು ಸಭೆ ಕರೆಯಿರಿ. ಕುಲಸಚಿವರ ಜೊತೆಗೆ ಗ್ರಂಥಪಾಲಕರನ್ನೂ ಅತಿಥಿ ಉಪನ್ಯಾಸಕರನ್ನೂ ಅಂಧ ವಿದ್ಯಾರ್ಥಿಗಳನ್ನೂ ಅದೇ ಮೇಜಿನ ಸುತ್ತ ಕೂರಿಸಿ. ರಾತ್ರಿ ಹತ್ತರವರೆಗಿನ ಕನ್ನಡ ಸಹಾಯವಾಣಿಗೆ ಪ್ರತಿ ವಿಶ್ವವಿದ್ಯಾಲಯ ಎಷ್ಟು ಹಣ ಕೊಡುತ್ತದೆ, ಪಠ್ಯಗಳ ಸುಗಮ ಪ್ರತಿಗಳನ್ನು ಯಾವ ತಿಂಗಳೊಳಗೆ ಒಂದೆಡೆ ಸೇರಿಸುತ್ತದೆ, ಅದರ ಹೊಣೆ ಯಾರದು ಎಂಬುದನ್ನು ನಡಾವಳಿಯಲ್ಲಿ ಹೆಸರು ಸಮೇತ ಬರೆಸಿ, ಆ ನಡಾವಳಿಯನ್ನು ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೆ ಹಚ್ಚಿ.